ಒಂಬತ್ತು ಸಾವಿರ ಖಾಲಿ ಕೊಳವೆಗಳು

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು. ಊರು ಕೈಗೆ ಬಂದ ಮೇಲೆ ಇಂಗ್ಲಿಷರು ಕೂತು ಲೆಕ್ಕ ಬರೆದರು. ಫಿರಂಗಿಗಳು 929. ಬಂದೂಕು, ಗುಂಡು, ಮದ್ದು ಎಲ್ಲಕ್ಕೂ ಬೇರೆ ಬೇರೆ ಕಲಮು. ಆ ಲೆಕ್ಕದಲ್ಲಿ ರಾಕೆಟ್ಟುಗಳದ್ದೂ ಒಂದು ಸಾಲಿದೆ: ಹಾರಿಸುವ ಚೌಕಟ್ಟು 600, ಹಾರಲು ಸಿದ್ಧವಾಗಿದ್ದ ರಾಕೆಟ್ಟು 700, ಖಾಲಿ ರಾಕೆಟ್ಟು 9,000.

ಟಿಪ್ಪುವಿನ ರಾಕೆಟ್ಟುಗಳ ಬಗ್ಗೆ ಬರೆದವರೆಲ್ಲ ಆ 700ರ ಹಿಂದೆ ಹೋಗಿದ್ದಾರೆ. ನನ್ನನ್ನು ಬಹಳ ವರ್ಷಗಳಿಂದ ಹಿಡಿದು ನಿಲ್ಲಿಸಿರುವುದು ಆ 9,000. ಮದ್ದು ತುಂಬದ, ಬಾಯಿ ಮುಚ್ಚದ ಬರಿಯ ಕಬ್ಬಿಣದ ಕೊಳವೆಗಳನ್ನು ಅಷ್ಟು ಸಂಖ್ಯೆಯಲ್ಲಿ ಯಾಕೆ ಮಾಡಿ ಒಟ್ಟಿದ್ದರು? ಗೆದ್ದವರಾದರೂ ಅವನ್ನು ಯಾಕೆ ಎಣಿಸಿ ಬರೆದುಕೊಂಡರು? ಉತ್ತರ ಸರಳ. ಮದ್ದನ್ನು ಒಂದು ವಾರದಲ್ಲಿ ಅರೆಯಬಹುದು, ಕೊಳವೆಯನ್ನು ಹಾಗೆ ಮಾಡಲಾಗದು. ಬೆಂಕಿಯ ಆಯುಧದಲ್ಲಿ ಕಷ್ಟದ ಭಾಗ ಬೆಂಕಿಯಲ್ಲ, ಅದನ್ನು ಹಿಡಿದಿಡುವ ಲೋಹ. ಆ ಲೋಹದ ಅಳತೆ.

ಈ ಮಾತು ನನಗೆ ಮೊದಲು ತಿಳಿದದ್ದು ಶ್ರೀರಂಗಪಟ್ಟಣದಲ್ಲಲ್ಲ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದಾಗ ಶಿಬಿರದಲ್ಲಿ ತ್ರೀನಾಟ್‌ತ್ರೀ ರೈಫಲ್ಲಿನಿಂದ ಐದೈದು ಗುಂಡು ಹೊಡೆಸಿದರು. ಹೊಡೆದದ್ದು ಮುಗಿದ ಮೇಲೆ ಹವಾಲ್ದಾರರು ಗುರಿಯ ಹಲಗೆಯ ಕಡೆ ತಲೆ ಎತ್ತಿಯೂ ನೋಡಲಿಲ್ಲ. ನೆಲದ ಮೇಲೆ ಬಿದ್ದ ಹಿತ್ತಾಳೆಯ ಖಾಲಿ ಕೇಸುಗಳನ್ನು, ಅವರ ಬಾಯಲ್ಲಿ ಖೋಕಾಗಳನ್ನು, ಹೆಕ್ಕಿ ಹತ್ತತ್ತರ ಸಾಲಿನಲ್ಲಿ ನಿಲ್ಲಿಸಿದರು. ಒಂದು ಕಮ್ಮಿ ಬಂತು. ನಲವತ್ತು ಹುಡುಗರು ಮೊಣಕಾಲೂರಿ ಹುಲ್ಲು ತಡಕಿದೆವು. ಹೊತ್ತು ಮುಳುಗುವ ವೇಳೆಗೆ ಒಬ್ಬನ ಪ್ಯಾಂಟಿನ ಮಡಿಕೆಯಲ್ಲಿ ಸಿಕ್ಕಿತು. ಹಾರಿಹೋದ ಇನ್ನೂರು ಗುಂಡುಗಳು ಮಣ್ಣಿನ ದಿಬ್ಬದೊಳಗೇ ಉಳಿದವು, ಅವನ್ನು ಕೇಳಿದವರಿಲ್ಲ. ಖೋಕಾ ಮಾತ್ರ ಲೆಕ್ಕಕ್ಕೆ ಬರಬೇಕಿತ್ತು.

ಆ ಕಳೆದು ಸಿಕ್ಕ ಖೋಕಾವನ್ನು ನಾನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದಿದ್ದೆ. ಹೆಬ್ಬೆರಳಿನಷ್ಟು ಉದ್ದ. ಬುಡದಲ್ಲಿ ಕೆ.ಎಫ್. ಎಂಬ ಮುದ್ರೆ, ಅಂದರೆ ಪುಣೆಯ ಕಿರ್ಕಿ ಕಾರ್ಖಾನೆ. 1869ರಲ್ಲಿ ಶುರುವಾದ ಅದು ಇವತ್ತಿಗೂ ಮದ್ದುಗುಂಡು ಮಾಡುತ್ತಿದೆ. ಮುದ್ರೆಯ ನಡುವೆ ಮದ್ದಿಗೆ ಕಿಡಿ ಕೊಡುವ ಕೇಪು, ಕೇಪಿನ ಮೇಲೆ ಮುಳ್ಳು ಬಡಿದ ಗುಳಿ. ಮೇಲೆ ಬರುತ್ತ ಮೈ ಸಣ್ಣಗಾಗಿ, ಹೆಗಲು ಇಳಿದು, ಕತ್ತು ಸೆಟೆದು, ಬಾಯಿ ಹೊಗೆ ಹಿಡಿದು ಕಪ್ಪಾಗಿತ್ತು. ಬುಡ, ಮೈ, ಹೆಗಲು, ಕತ್ತು, ಬಾಯಿ ಎಂದು ಮನುಷ್ಯನ ಅಂಗಗಳ ಹೆಸರಿನಿಂದಲೇ ಅದನ್ನು ಹೇಳಬೇಕು, ಬೇರೆ ದಾರಿಯಿಲ್ಲ.

ಕನ್ನಡದಲ್ಲಿ ಇಡೀ ವಸ್ತುವಿಗೆ ಎರಡು ಹೆಸರುಗಳಿವೆ: ತೋಟೆ ಮತ್ತು ಕಾಡತೂಸು. ಕಾಡತೂಸು ಪೋರ್ಚುಗೀಸರ ಜೊತೆ ಕರಾವಳಿಗೆ ಇಳಿದು ಬಂದ ಮಾತು. ಅವರ ಕಾಲದಲ್ಲಿ ಅದು ಕಾಗದದ ಸುರುಳಿ. ಗುಂಡು ಮತ್ತು ಮದ್ದನ್ನು ಒಂದು ಈಡಿಗೆ ತಕ್ಕಷ್ಟು ಅಳೆದು ಕಾಗದದಲ್ಲಿ ಸುತ್ತುತ್ತಿದ್ದರು. ಸಿಪಾಯಿ ಅದರ ತುದಿಯನ್ನು ಹಲ್ಲಿನಲ್ಲಿ ಹರಿದು, ಮದ್ದನ್ನು ಕೋವಿಯ ಬಾಯಿಂದ ಸುರಿದು, ಕಾಗದ ಸಮೇತ ಗುಂಡನ್ನು ಗಜದಿಂದ ಜಡಿಯುತ್ತಿದ್ದ. ಇವತ್ತಿನ ಪಾಂಡವಪುರವನ್ನು ಫ್ರೆಂಚ್ ರಾಕ್ಸ್ ಎನ್ನುತ್ತಿದ್ದ ಕಾಲವನ್ನು ನೆನಪಿಟ್ಟಿರುವ ಹಿರಿಯರು ಇನ್ನೂ ಇದ್ದಾರೆ. ಹೈದರನ, ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿನ, ಅಂದರೆ ಆಗಿನ ಹಿರೋಡೆಯ, ಬಂಡೆಗಳ ಬಳಿ ಬೀಡುಬಿಟ್ಟಿದ್ದರಿಂದ ಬಂದ ಹೆಸರು ಅದು. ಅವರ ಸೊಂಟದ ಚರ್ಮದ ಚೀಲದಲ್ಲಿದ್ದದ್ದು ಇಂಥ ಕಾಗದದ ಕಾಡತೂಸುಗಳೇ.

ಕಾಗದದ ಸುರುಳಿಯ ದೊಡ್ಡ ಉಪಕಾರ ಒಂದೇ, ಅಳತೆ. ಅದು ಇಲ್ಲದ ಕಡೆ ಏನಾಗುತ್ತದೆ ಎಂದು ಕೆ.ಆರ್. ಪೇಟೆ ಕಡೆಯ ನಮ್ಮ ದೊಡ್ಡಪ್ಪನ ಮನೆಯಲ್ಲಿ ನೋಡಿ ಬಲ್ಲೆ. ಕಬ್ಬಿನ ಗದ್ದೆಗೆ ಹಂದಿ ನುಗ್ಗುತ್ತಿದ್ದ ಊರು. ದೊಡ್ಡಪ್ಪನಿಗೆ ಬೆಳೆ ಕಾಯುವುದಕ್ಕೆಂದು ಸಿಕ್ಕ ಪರವಾನಗಿಯ ಕೇಪಿನ ಕೋವಿ ಇತ್ತು. ಶಸ್ತ್ರಾಸ್ತ್ರ ಕಾಯಿದೆ ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡಲು ಅವಕಾಶ ಇಟ್ಟಿದೆ. ಚುನಾವಣೆ ಬಂದಾಗಲೆಲ್ಲ ಅದನ್ನು ಗೋಣಿಚೀಲದಲ್ಲಿ ಸುತ್ತಿ ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ ಬರುತ್ತಿದ್ದರು. ಈಡು ತುಂಬುವಾಗ ಅವರಿಗೆ ತಕ್ಕಡಿ ಬೇಕಿರಲಿಲ್ಲ. ಮದ್ದು ಸುರಿದು, ತೆಂಗಿನ ಕತ್ತ ತುರುಕಿ, ಗಜ ಇಳಿಸಿ, ನಳಿಕೆಯ ಬಾಯಿಂದ ಗಜ ಎಷ್ಟು ಮೇಲಕ್ಕೆ ನಿಂತಿದೆ ಎಂದು ಬೆರಳು ಅಡ್ಡ ಹಿಡಿದು ನೋಡುತ್ತಿದ್ದರು. "ನಾಕು ಬೆಳ್ಳು. ಸಾಕು." ಮನೆಯಲ್ಲಿ ಬೇರೆ ಯಾರಿಗೂ ಆ ಕೋವಿಯನ್ನು ಮುಟ್ಟಲು ಕೊಡುತ್ತಿರಲಿಲ್ಲ. ಬೆರಳಿನ ಅಳತೆ ಬೆರಳಿನವನ ಜೊತೆಗೇ ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ನನ್ನ ನಾಲ್ಕು ಬೆರಳು ಅವರ ಮೂರಕ್ಕೆ ಸಮ.

ಬೆರಳಿನಿಂದ ಕಾಗದಕ್ಕೆ, ಕಾಗದದಿಂದ ಹಿತ್ತಾಳೆಗೆ ಬಂದ ದಾರಿಯನ್ನು ಇಲ್ಲಿ ಪೂರ್ತಿ ನಡೆಯುವುದು ಬೇಡ. ಕಾಗದದ ಕಾಡತೂಸಿಗೆ ಬಳಿದ ಕೊಬ್ಬು 1857ರಲ್ಲಿ ಏನು ಮಾಡಿತು ಎಂದು ಶಾಲೆಯ ಮಕ್ಕಳಿಗೂ ಗೊತ್ತು. ಅದಾದ ಹತ್ತು ವರ್ಷದೊಳಗೆ ಬ್ರಿಟಿಷ್ ಸೈನ್ಯ ತೆಳ್ಳನೆಯ ಹಿತ್ತಾಳೆ ತಗಡನ್ನು ಸುತ್ತಿ ಮಾಡಿದ ತೋಟೆಗೆ ಬಂತು. ಅದೂ ಕಾದ ಕೋವಿಯಲ್ಲಿ ಕಚ್ಚಿಕೊಂಡು ಹರಿದುಹೋಗುತ್ತಿತ್ತು. 1885ರ ಹೊತ್ತಿಗೆ ಒಂದೇ ಹಿತ್ತಾಳೆ ಬಿಲ್ಲೆಯನ್ನು ಒತ್ತಿ ಎಳೆದೆಳೆದು ಬಟ್ಟಲು ಮಾಡಿ, ಬಟ್ಟಲನ್ನು ಕೊಳವೆ ಮಾಡುವ ಕ್ರಮ ಸೈನ್ಯದಲ್ಲಿ ನೆಲೆಯಾಯಿತು. ನನ್ನ ಕೈಯಲ್ಲಿದ್ದ ಖೋಕಾ ಅದೇ ವಂಶದ್ದು.

ಹಿತ್ತಾಳೆಯೇ ಯಾಕೆ? ನೂರು ಪಾಲಿನಲ್ಲಿ ಎಪ್ಪತ್ತು ತಾಮ್ರ, ಮೂವತ್ತು ಸತುವು ಬೆರೆತ ಹಿತ್ತಾಳೆಗೆ ಲೋಹಶಾಸ್ತ್ರದಲ್ಲಿ ಕಾಡತೂಸು ಹಿತ್ತಾಳೆ ಎಂದೇ ಹೆಸರು. ಇದು ಸೀಳದೆ ಎಳೆಸಿಕೊಳ್ಳುತ್ತದೆ. ಮದ್ದು ಹತ್ತಿದಾಗ ಖೋಕಾದೊಳಗೆ ಹುಟ್ಟುವ ಒತ್ತಡ ಎಷ್ಟೆಂದರೆ, ತ್ರೀನಾಟ್‌ತ್ರೀಗೆ ಒಪ್ಪಿದ ಮಿತಿ ಚದರ ಇಂಚಿಗೆ 49,000 ಪೌಂಡು. ಕಾರಿನ ಚಕ್ರಕ್ಕೆ ನಾವು ತುಂಬಿಸುವ ಗಾಳಿಯ ಒಂದೂವರೆ ಸಾವಿರ ಪಟ್ಟು. ಆ ಕ್ಷಣದಲ್ಲಿ ಹಿತ್ತಾಳೆ ಉಬ್ಬಿ, ರೈಫಲ್ಲಿನಲ್ಲಿ ತೋಟೆ ಕೂರುವ ಗೂಡಿನ ಉಕ್ಕಿನ ಗೋಡೆಗೆ ಒತ್ತಿ ಕೂತು, ಒಂದು ಎಳೆ ಅನಿಲವೂ ಹಿಂದೆ ಹೊಡೆದವನ ಮುಖಕ್ಕೆ ನುಗ್ಗದಂತೆ ತಡೆಯುತ್ತದೆ. ಗುಂಡು ನಳಿಕೆ ದಾಟಿ ಒತ್ತಡ ಇಳಿಯುತ್ತಲೂ ಸ್ವಲ್ಪ ಒಳಸರಿದು ಗೋಡೆ ಬಿಡುತ್ತದೆ. ಬಿಡದಿದ್ದರೆ ಖೋಕಾ ಹೊರಗೆ ಬರುವುದಿಲ್ಲ. ಒಂದು ಸೆಕೆಂಡಿನ ಸಾವಿರದ ಒಂದೆರಡು ಪಾಲಿನಲ್ಲಿ ಮುಗಿಯುವ ಈ ಉಬ್ಬು-ಇಳಿತಕ್ಕೆ ಹಿತ್ತಾಳೆಯಷ್ಟು ಒಗ್ಗುವ ಲೋಹ ಇನ್ನೊಂದು ಸಿಕ್ಕಿಲ್ಲ.

ಆದರೆ ಉಬ್ಬಿದ್ದು ಪೂರ್ತಿ ಮೊದಲಿನ ಅಳತೆಗೆ ಮರಳುವುದಿಲ್ಲ. ಗೂಡಿನ ಆಕಾರ ಸ್ವಲ್ಪ ಮೈಗೆ ಅಂಟಿಯೇ ಇರುತ್ತದೆ. ಹೊರದೇಶಗಳಲ್ಲಿ ಪರವಾನಗಿ ಇರುವ ಗುರಿಕಾರರು ಖೋಕಾವನ್ನು ಎಸೆಯದೆ ಮತ್ತೆ ತುಂಬುತ್ತಾರೆ. ಅದಕ್ಕೆ ಮೊದಲು ಹಳೆಯ ಕೇಪು ಕಿತ್ತು, ಗಟ್ಟಿ ಉಕ್ಕಿನ ಅಚ್ಚಿನೊಳಗೆ ಒತ್ತಿ ಮೈಯನ್ನು ಮೂಲ ಅಳತೆಗೆ ತರುತ್ತಾರೆ. ಹಾಗೆ ಹಿಂಡಿದಾಗ ಹಿತ್ತಾಳೆ ಎಲ್ಲಿಗೆ ಹೋಗಬೇಕು? ಬುಡ ದಪ್ಪ, ಅಲ್ಲಾಡದು. ಉಳಿದದ್ದು ಬಾಯಿಯ ಕಡೆ. ನಾದಿದ ಹಿಟ್ಟನ್ನು ಮುಷ್ಟಿಯಲ್ಲಿ ಹಿಚುಕಿದರೆ ಬೆರಳ ಸಂದಿಯಿಂದ ಮೇಲೇಳುವಂತೆ ಲೋಹ ಕತ್ತಿನ ಕಡೆ ಹರಿಯುತ್ತದೆ. ಸಲ ಸಲಕ್ಕೂ ಖೋಕಾ ಕೂದಲೆಳೆಯಷ್ಟು ಉದ್ದವಾಗುತ್ತದೆ.

ಕೂದಲೆಳೆ ಅಂದದ್ದು ಅಲಂಕಾರಕ್ಕಲ್ಲ. ತ್ರೀನಾಟ್‌ತ್ರೀ ಖೋಕಾದ ಗರಿಷ್ಠ ಉದ್ದ 2.222 ಇಂಚು, ಮಿಲಿಮೀಟರಿನಲ್ಲಿ 56.44. ಅದಕ್ಕೆ ತಲುಪಿದರೆ 2.212 ಇಂಚಿಗೆ ಕತ್ತರಿಸಿ ಇಳಿಸಬೇಕು ಎಂಬುದು ಮತ್ತೆ ತುಂಬುವವರ ರೂಢಿ. ಎರಡರ ನಡುವಿನ ಅಂತರ ಕಾಲು ಮಿಲಿಮೀಟರು, ಅಂದರೆ ಮೂರು ನಾಲ್ಕು ತಲೆಗೂದಲು ಒಟ್ಟಿಗೆ ಇಟ್ಟಷ್ಟು. ಈ ಕಾಲು ಮಿಲಿಮೀಟರಿಗೆ ಇಷ್ಟು ತಲೆಕೆಡಿಸಿಕೊಳ್ಳುವುದಕ್ಕೆ ಕಾರಣವಿದೆ. ರೈಫಲ್ಲಿನ ಗೂಡು ಮುಂದೆ ನಳಿಕೆಯನ್ನು ಸೇರುವ ಕಡೆ ಕಿರಿದಾಗುತ್ತದೆ. ಖೋಕಾದ ಬಾಯಿ ಆ ಕಿರಿದಾದ ಜಾಗದ ಹಿಂದೆಯೇ ನಿಂತರೆ ಸರಿ. ಉದ್ದ ಹೆಚ್ಚಾಗಿ ಒಳಗೆ ತೂರಿದರೆ ಉಕ್ಕು ಬಾಯನ್ನು ಸುತ್ತಲೂ ಹಿಸುಕಿ ಗುಂಡಿನ ಮೇಲೆ ಬಿಗಿಯುತ್ತದೆ. ಮದ್ದು ಹತ್ತಿದಾಗ ಬಾಯಿ ಅರಳಲು ಜಾಗವಿಲ್ಲ, ಗುಂಡು ಬಿಡಿಸಿಕೊಳ್ಳಲಾರದು. ಒತ್ತಡ ಮಿತಿ ಮೀರುತ್ತದೆ. ಮದ್ದಿನ ತೂಕ ಸರಿಯಾಗಿದ್ದೂ ರೈಫಲ್ ಸಿಡಿಯಬಹುದು. ತಕ್ಕಡಿಯಲ್ಲಿ ತಪ್ಪು ಹುಡುಕುವವನಿಗೆ ತಪ್ಪು ಸಿಗುವುದಿಲ್ಲ. ಅದು ಕತ್ತಿನಲ್ಲಿರುತ್ತದೆ.

ಕತ್ತರಿಸುವ ಸಾಧನ ನೋಡಲು ಪುಟ್ಟ ಲೇತ್ ಯಂತ್ರ. ಕೈಯಿಂದ ತಿರುಗಿಸುವುದು. ಖೋಕಾದ ಬುಡವನ್ನು ಒಂದು ಕಡೆ ಕಚ್ಚಿಸಿ, ಬಾಯೊಳಗೆ ಅದಕ್ಕೆ ಸರಿಯಾಗಿ ಕೂರುವ ಸಣ್ಣ ಕಡ್ಡಿ ಇಳಿಸುತ್ತಾರೆ. ಆ ಕಡ್ಡಿ ಕತ್ತನ್ನು ನೇರ ಹಿಡಿಯುತ್ತದೆ, ಅದರ ಹಿಂದಿನ ಬ್ಲೇಡು ಬಾಯಿಯ ಅಂಚನ್ನು ಹೆರೆಯುತ್ತದೆ. ಹಿತ್ತಾಳೆಯ ಹೆರಕಲು ಚಿನ್ನದ ಕೂದಲಿನಂತೆ ಸುರುಳಿ ಸುರುಳಿಯಾಗಿ ಬೀಳುತ್ತದೆ. ಕತ್ತರಿಸಿದ ಅಂಚು ಒಳಗೂ ಹೊರಗೂ ಚೂಪಾಗಿ ನಿಲ್ಲುತ್ತದೆ. ಹಾಗೇ ಬಿಟ್ಟರೆ ಒಳ ಅಂಚು ಗುಂಡಿನ ಮೈಯನ್ನು ಕೆರೆಯುತ್ತದೆ. ಅದಕ್ಕೆ ಒಳಗೆ ಸ್ವಲ್ಪ ಓರೆ ಹೊಡೆದು, ಹೊರಗಿನ ಬಿರುಸನ್ನು ಉಜ್ಜಿ ತೆಗೆಯುತ್ತಾರೆ.

ಅಳೆಯುವುದು ವರ್ನಿಯರ್ ಕ್ಯಾಲಿಪರಿನಿಂದ. ಪಾಂಡವಪುರದಲ್ಲಿ ಆಲೆಮನೆಯ ಗಾಣದ ರೋಲರು, ಶಾಫ್ಟು ಸರಿಮಾಡುವ ಲೇತ್ ಅಂಗಡಿಗಳಲ್ಲಿ ಇದೇ ಕ್ಯಾಲಿಪರು ಟರ್ನರನ ಮೇಲುಜೇಬಿನಲ್ಲಿರುತ್ತದೆ. ಅಂಥ ಒಂದು ಅಂಗಡಿಯಲ್ಲಿ ಕೂತು ನಾನು ಅದನ್ನು ಹಿಡಿಯುವುದು ಕಲಿತೆ. ಟರ್ನರು ಮೊದಲು ಹೇಳಿದ್ದು, ದವಡೆ ಒರೆಸಿ ಮುಚ್ಚಿ ಸೊನ್ನೆ ನೋಡಿ ಎಂದು. ಎರಡನೆಯದು, "ಅಮುಕ್ಬ್ಯಾಡಿ ಸಾ, ಮುಟ್ಟಿಸಿ. ಅಮುಕುದ್ರೆ ನೀವು ಕೇಳಿದ್ ಅಳತೆನೇ ಅದು ಹೇಳ್ತದೆ." ಈ ಮಾತು ಖೋಕಾಕ್ಕೂ ಸರಿಯಾಗಿ ಹೊಂದುತ್ತದೆ. ಬುಡ ಒಂದು ದವಡೆಗೆ ಚಪ್ಪಟೆಯಾಗಿ ಕೂರಬೇಕು, ಹಳೆಯ ಕೇಪು ಉಬ್ಬಿ ನಿಂತಿದ್ದರೆ ಉದ್ದ ಸುಳ್ಳು ಬರುತ್ತದೆ. ಖೋಕಾ ಓರೆಯಾಗಿದ್ದರೂ ಸುಳ್ಳು. ಇನ್ನೊಂದು, ಅಚ್ಚಿನಲ್ಲಿ ಒತ್ತುವ ಮೊದಲು ಅಳೆದ ಉದ್ದಕ್ಕೆ ಬೆಲೆಯಿಲ್ಲ. ಒತ್ತಿದ ಮೇಲೆಯೇ ಅದು ಬೆಳೆಯುವುದು. ಮೊದಲು ಅಳೆದು ಕತ್ತರಿಸಿ ಆಮೇಲೆ ಒತ್ತಿದವನ ಕೈಯಲ್ಲಿ ಮತ್ತೆ ಉದ್ದದ ಖೋಕಾ ಉಳಿಯುತ್ತದೆ.

ಉದ್ದವಾದ ಲೋಹ ಎಲ್ಲಿಂದ ಬಂತು ಎಂಬ ಪ್ರಶ್ನೆ ಇನ್ನೂ ಗಂಭೀರ. ಬಾಯಲ್ಲಿ ಬೆಳೆದದ್ದು ಬೇರೆಲ್ಲೋ ತೆಳ್ಳಗಾಗಿರಲೇಬೇಕು. ಸಾಮಾನ್ಯವಾಗಿ ಬುಡದಿಂದ ಸ್ವಲ್ಪ ಮೇಲೆ, ದಪ್ಪ ಬುಡ ಮುಗಿದು ತೆಳು ಮೈ ಶುರುವಾಗುವ ಕಡೆ. ತ್ರೀನಾಟ್‌ತ್ರೀ ಗೂಡುಗಳು ಯುದ್ಧದ ಕೆಸರು, ಧೂಳು ತಡೆಯಲೆಂದು ಸಡಿಲವಾಗಿಯೇ ಕೊರೆದವು, ಆದ್ದರಿಂದ ಆ ಖೋಕಾಗಳಲ್ಲಿ ಈ ಕಾಯಿಲೆ ಜಾಸ್ತಿ. ಹೊರಗೆ ಒಂದು ಹೊಳಪಿನ ಉಂಗುರ ಕಾಣಿಸುತ್ತದೆ. ಒಳಗೆ ತುದಿ ಬಾಗಿಸಿದ ಸಣ್ಣ ತಂತಿ ಇಳಿಸಿ ಗೋಡೆಯ ಮೇಲೆ ಎಳೆದರೆ ಕಾಲುವೆಗೆ ಇಳಿದಂತೆ ಟಕ್ಕೆಂದು ಸಿಕ್ಕಿಕೊಳ್ಳುತ್ತದೆ. ಅಂಥದನ್ನು ಜಜ್ಜಿ ಗುಜರಿಗೆ ಹಾಕಬೇಕು. ಇನ್ನೊಂದು ಸಲ ಹೊಡೆದರೆ ಬುಡ ಕಳಚಿ ಬರುತ್ತದೆ, ಮೈ ಗೂಡಿನೊಳಗೇ ಉಳಿಯುತ್ತದೆ.

ನಮ್ಮ ದೇಶದಲ್ಲಿ ಇದು ಮನೆಯ ಹವ್ಯಾಸವಲ್ಲ ಎಂದು ಸ್ಪಷ್ಟವಾಗಿ ಹೇಳಬೇಕು. 1959ರ ಶಸ್ತ್ರಾಸ್ತ್ರ ಕಾಯಿದೆಯ ಕೆಳಗೆ ಮದ್ದುಗುಂಡಿನ ತಯಾರಿಕೆ ಪರವಾನಗಿಗೆ ಕಟ್ಟುಬಿದ್ದದ್ದು. ತ್ರೀನಾಟ್‌ತ್ರೀಯಂಥ ಸೇನಾ ಅಳತೆಗಳು ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಅದರ ಬದಲಿಗೆಂದೇ ನಮ್ಮ ಆರ್ಡ್‌ನೆನ್ಸ್ ಕಾರ್ಖಾನೆಯ .315 ರೈಫಲ್ ಇರುವುದು. ಕೊಡಗಿನಲ್ಲಿ ಜಮ್ಮಾ ಹಿಡುವಳಿದಾರರಿಗೂ ಕೊಡವರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ, ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ನಾನಿಲ್ಲಿ ಬರೆಯುತ್ತಿರುವುದು ತುಂಬುವ ವಿದ್ಯೆಯನ್ನಲ್ಲ, ಲೋಹ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು. ಅದನ್ನು ತಿಳಿಯಲು ಮಂಡ್ಯ ಜಿಲ್ಲೆ ಬಿಟ್ಟು ಹೋಗಬೇಕಾಗಿಲ್ಲ.

ನಾಗಮಂಗಲ ಹಿಂದಿನಿಂದಲೂ ಹಿತ್ತಾಳೆ ಕೆಲಸಕ್ಕೆ ಹೆಸರಾದ ಊರು. ಸೌಮ್ಯಕೇಶವ ದೇವಸ್ಥಾನದ ಊರಿನಲ್ಲಿ ಇವತ್ತಿಗೂ ದೀಪ, ವಿಗ್ರಹ, ಪ್ರಭಾವಳಿ ಮಾಡುವ ಮನೆಗಳಿವೆ. ಅಂಥ ಒಂದು ಮನೆಯ ಜಗಲಿಯಲ್ಲಿ ವಯಸ್ಸಾದ ಆಚಾರರೊಬ್ಬರು ಚೆಂಬು ಬಡಿಯುತ್ತಿದ್ದಾಗ ಹೋಗಿ ಕೂತಿದ್ದೆ. ತಗಡಿನ ಬಿಲ್ಲೆಯನ್ನು ಕೊಡತಿಯಿಂದ ತಗ್ಗಿಸಿ, ಆಮೇಲೆ ಸುತ್ತಿಗೆಯಿಂದ ಸುತ್ತ ಸುತ್ತ ಬಡಿದು ಮೇಲೆತ್ತುತ್ತಿದ್ದರು. ಸ್ವಲ್ಪ ಹೊತ್ತಿಗೆ ಸುತ್ತಿಗೆಯ ಸದ್ದು ಬದಲಾಯಿತು. ಮೊದಲು ಮಂದವಾಗಿದ್ದದ್ದು ಈಗ ಕಿವಿಗೆ ಚುಚ್ಚುವಂತೆ ಕಣಕಣ ಅನ್ನತೊಡಗಿತು. ಅವರು ಬಡಿಯುವುದು ನಿಲ್ಲಿಸಿ ಚೆಂಬನ್ನು ಕುಲುಮೆಗಿಟ್ಟರು.

"ಬಡುದ್ರೆ ಮುನುಸ್ಕತದೆ ಸ್ವಾಮಿ, ಕಾಸುದ್ರೆ ಮೆತ್ತಗಾಯ್ತದೆ."

ಕಾರ್ಖಾನೆಯಲ್ಲೂ ನಡೆಯುವುದು ಇದೇ. ಹಿತ್ತಾಳೆಯನ್ನು ಎಳೆದಷ್ಟೂ ಒತ್ತಿದಷ್ಟೂ ಅದರ ಹರಳುಗಳೊಳಗಿನ ಜೋಡಣೆಯ ತಪ್ಪುಗಳು ಒಂದಕ್ಕೊಂದು ತೊಡರಿಕೊಂಡು ಅದು ಗಡಸಾಗುತ್ತದೆ, ಗಡಸಾದದ್ದು ಸೀಳುತ್ತದೆ. ಕಾಸಿದರೆ ಹರಳುಗಳು ಹೊಸದಾಗಿ ಹುಟ್ಟಿ ಮತ್ತೆ ಮೆತ್ತಗಾಗುತ್ತದೆ. ಉಕ್ಕನ್ನು ಕಾಸಿ ನೀರಿಗೆ ಅದ್ದಿದರೆ ಗಡಸಾಗುತ್ತದೆ. ಹಿತ್ತಾಳೆ ಹಾಗಲ್ಲ, ನೀರಿಗೆ ಹಾಕಿದರೂ ಮೆತ್ತಗೇ ಇರುತ್ತದೆ. ಸೈನ್ಯದ ತೋಟೆಗಳ ಕತ್ತಿನ ಮೇಲೆ ಮಬ್ಬು ನೀಲಿ-ಕಂದು ಬಣ್ಣದ ಪಟ್ಟಿಯೊಂದು ಕಾಣುತ್ತದಲ್ಲ, ಅದು ಕೊನೆಯಲ್ಲಿ ಕತ್ತನ್ನಷ್ಟೇ ಕಾಸಿದ ಗುರುತು. ಬುಡವನ್ನು ಕಾಸಕೂಡದು, ಅದು ಗಡಸಾಗಿಯೇ ಉಳಿದು ಒತ್ತಡ ತಡೆಯಬೇಕು. ಒಂದೇ ಹೆಬ್ಬೆರಳುದ್ದದ ವಸ್ತುವಿನಲ್ಲಿ ಕತ್ತಿಗೆ ಒಂದು ಗುಣ, ಬುಡಕ್ಕೆ ಇನ್ನೊಂದು.

ಕಾಸುವ ಈ ಕೆಲಸಕ್ಕೆ ಬ್ರಿಟಿಷ್ ಇಂಡಿಯಾದ ಮಳೆಗಾಲವೇ ಪಾಠ ಹೇಳಿತು. ಸೈನ್ಯದ ತೋಟೆಗಳನ್ನು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಿದ್ದಾಗ, ಯಾರೂ ಮುಟ್ಟದೆ, ಹೊಡೆಯದೆ, ಅವುಗಳ ಕತ್ತುಗಳು ತಾವಾಗಿ ಸೀಳಿಬಿಟ್ಟವು. ಒಣ ದಿನಗಳಲ್ಲಿ ಹಾಗಾಗುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಅದಕ್ಕೆ ಋತುವಿನ ಸೀಳು ಎಂಬ ಅರ್ಥದ ಹೆಸರೇ ಬಿತ್ತು. 1921ರಲ್ಲಿ ಮೂರ್, ಬೆಕಿನ್ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಮೂವರು ಕಾರಣ ಬಿಡಿಸಿಟ್ಟರು. ಕುದುರೆಯ ಮೂತ್ರದಿಂದ ಏಳುವ ಅಮೋನಿಯ ತೇವದ ಗಾಳಿಯಲ್ಲಿ ಸೇರಿ ಹಿತ್ತಾಳೆಯ ಹರಳುಗಳ ಸಂದಿಯನ್ನು ತಿನ್ನುತ್ತಿತ್ತು. ಕಾರ್ಖಾನೆಯಲ್ಲಿ ಎಳೆದಾಗ ಲೋಹದೊಳಗೆ ಉಳಿದುಕೊಂಡ ಬಿಗಿತ ಆ ಸಂದಿಯನ್ನು ಹರಿದು ಅಗಲಿಸುತ್ತಿತ್ತು. ಬಿಗಿತವನ್ನು ಕಾಸಿ ಇಳಿಸಿದರೆ ಸೀಳುವುದಿಲ್ಲ. "ಮುನುಸ್ಕತದೆ" ಎಂದು ನಾಗಮಂಗಲದ ಆಚಾರರು ಹೇಳಿದ್ದು ಇದನ್ನೇ. ಲೋಹದ ಮುನಿಸನ್ನು ಒಳಗೇ ಬಿಟ್ಟರೆ ಅದು ಎಂದೋ ಒಂದು ದಿನ, ಕೆಟ್ಟ ಗಾಳಿ ಸೋಕಿದಾಗ, ಹೊರಗೆ ಬರುತ್ತದೆ.

ಇಷ್ಟು ತಿಳಿದುಕೊಂಡ ಮೇಲೆ ಶ್ರೀರಂಗಪಟ್ಟಣದ ಆ 9,000 ಕೊಳವೆಗಳಿಗೆ ಮರಳಿದರೆ ಅವು ಬೇರೆಯಾಗಿಯೇ ಕಾಣುತ್ತವೆ.

ರಾಕೆಟ್ಟು ಮೈಸೂರಿನಲ್ಲಿ ಹುಟ್ಟಿದ್ದಲ್ಲ. ಚೀನಾ, ಯುರೋಪು ಎಲ್ಲ ಕಡೆಯೂ ಬಿದಿರಿನ, ಕಾಗದದ ರಟ್ಟಿನ ಕೊಳವೆಯಲ್ಲಿ ಮದ್ದು ತುಂಬಿ ಹಾರಿಸುತ್ತಿದ್ದರು. ಹೈದರ್ ಮತ್ತು ಟಿಪ್ಪುವಿನ ಕಾಲದ ಮೈಸೂರಿನಲ್ಲಿ ಆದ ದೊಡ್ಡ ಬದಲಾವಣೆ ಕೊಳವೆ ಕಬ್ಬಿಣದ್ದಾದದ್ದು. ಮದ್ದು ಅದೇ ಪೆಟ್ಲುಪ್ಪು, ಇದ್ದಿಲು, ಗಂಧಕ. ಆದರೆ ರಟ್ಟು ತಡೆಯಲಾರದ ಒತ್ತಡವನ್ನು ಬಡಿದ ಮೆದು ಕಬ್ಬಿಣ ತಡೆಯಿತು. ಮದ್ದನ್ನು ಗಟ್ಟಿಯಾಗಿ ಜಡಿಯಬಹುದಾಯಿತು, ಅನಿಲ ಹಿಂದಿನ ತೂತಿನಿಂದ ಹೆಚ್ಚು ರಭಸವಾಗಿ ನುಗ್ಗಿತು, ದೂರ ಒಂದೆರಡು ಕಿಲೋಮೀಟರಿಗೆ ಮುಟ್ಟಿತು. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಇಂಗ್ಲಿಷ್ ಸೇನಾನಿ ಬೈಲಿಯ ಸೈನ್ಯದ ಮದ್ದಿನ ಬಂಡಿಗಳು ಸಿಡಿದ ದೃಶ್ಯ ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ಈಗಲೂ ಇದೆ. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನಪೇಟೆಯ ತೋಪಿನಲ್ಲಿ ಮುಂದೆ ವೆಲಿಂಗ್ಟನ್ ಡ್ಯೂಕ್ ಎನಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯನ್ನೇ ಈ ರಾಕೆಟ್ಟುಗಳು ಹಿಮ್ಮೆಟ್ಟಿಸಿದವು.

ಸಿಕ್ಕಿದ ರಾಕೆಟ್ಟುಗಳಲ್ಲಿ ಕೆಲವು ಇಂಗ್ಲೆಂಡಿನ ವುಲ್ವಿಚ್‌ಗೆ ಹೋದವು. ವಿಲಿಯಂ ಕಾಂಗ್ರೀವ್ 1804ರಿಂದ ಪ್ರಯೋಗ ಮಾಡಿ ತನ್ನ ಹೆಸರಿನ ರಾಕೆಟ್ಟು ಮಾಡಿದ. ಆ ಕಥೆ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಹೆಚ್ಚು ಬೇಕಾದದ್ದು ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಬರೆದ ಪ್ರಬಂಧದಲ್ಲಿದೆ. ಅವರು ಆಗ ವುಲ್ವಿಚ್‌ನ ವಸ್ತುಸಂಗ್ರಹಾಲಯದಲ್ಲಿದ್ದ ಎರಡು ಮೈಸೂರು ರಾಕೆಟ್ಟುಗಳ ಅಳತೆ ಕೊಟ್ಟಿದ್ದಾರೆ. ಒಂದರ ಕೊಳವೆ 2.3 ಇಂಚು ದಪ್ಪ, 10 ಇಂಚು ಉದ್ದ. ಅದನ್ನು 3 ಅಡಿ 4 ಇಂಚಿನ ನೇರ ಕತ್ತಿಯ ಅಲಗಿಗೆ ಚರ್ಮದ ಪಟ್ಟಿಯಿಂದ ಬಿಗಿದಿದೆ. ಇನ್ನೊಂದು 1.5 ಇಂಚು ದಪ್ಪ, 7.8 ಇಂಚು ಉದ್ದ, 6 ಅಡಿ 3 ಇಂಚಿನ ಬಿದಿರಿಗೆ ಕಟ್ಟಿದ್ದು.

ಭಾಗಿಸಿ ನೋಡಿ. ಮೊದಲನೆಯದರ ಉದ್ದ ತನ್ನ ದಪ್ಪದ ನಾಲ್ಕೂಕಾಲು ಪಟ್ಟಿಗಿಂತ ತುಸು ಹೆಚ್ಚು, ಎರಡನೆಯದು ಐದು ಪಟ್ಟಿಗಿಂತ ತುಸು ಹೆಚ್ಚು. ಎರಡೇ ಮಾದರಿ ಹಿಡಿದು ನಿಯಮ ಕಟ್ಟಲಾಗದು, ನಿಜ. ಆದರೆ ಕೈಗೆ ಬಂದಂತೆ ಕೊಯ್ದ ಕೊಳವೆಗಳು ಇವಲ್ಲ. ಕೊಳವೆಯ ಒಳಗಿನ ಒತ್ತಡಕ್ಕೂ ಗೋಡೆಗೂ ಒಂದು ಲೆಕ್ಕವಿದೆ. ಅದೇ ಒತ್ತಡಕ್ಕೆ ಕೊಳವೆಯ ಅಗಲ ಎರಡರಷ್ಟಾದರೆ ಗೋಡೆಯ ದಪ್ಪವೂ ಎರಡರಷ್ಟಾಗಬೇಕು. ಇಲ್ಲದಿದ್ದರೆ ಸೀಳುತ್ತದೆ. ಹಾರುವ ಬದಲು ಕೈಯಲ್ಲೇ ಸಿಡಿಯುತ್ತದೆ. ಈ ಸೂತ್ರವನ್ನು ಕಾಗದದಲ್ಲಿ ಬರೆಯದೆಯೂ ಕುಲುಮೆಯವರು ಅದನ್ನು ಬಡಿತದಲ್ಲಿ ಬಲ್ಲವರಾಗಿದ್ದರು. ಅಷ್ಟಿಲ್ಲದೆ ಸಾವಿರಾರು ಕೊಳವೆ ಮಾಡಿ ಬೇರೆಯವರ ಕೈಗೆ ಕೊಡಲು ಆಗುತ್ತಿರಲಿಲ್ಲ.

ಇದಕ್ಕೆ ದೊಡ್ಡ ಸಾಕ್ಷಿ ನಮ್ಮ ಕಾಲದಲ್ಲೇ ಸಿಕ್ಕಿತು. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರ, ಹಿಂದಿನ ಬಿದನೂರು. ಅಲ್ಲಿ 2002ರಲ್ಲಿ ಒಂದಿಷ್ಟು ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕಿದ್ದವು. ಅವು ಮೈಸೂರು ರಾಕೆಟ್ಟು ಎಂದು ಗೊತ್ತಾದದ್ದು ವರ್ಷಗಳ ಮೇಲೆ. 2018ರ ಜುಲೈಯಲ್ಲಿ ಪುರಾತತ್ವ ಇಲಾಖೆಯವರು ಪಾಳುಬಾವಿಯೊಂದರ ಕೆಸರು ತೆಗೆಸಿದಾಗ ಸಾವಿರಕ್ಕೂ ಹೆಚ್ಚು ಮೇಲೆ ಬಂದವು. ಮಣ್ಣಿಗೆ ಇನ್ನೂ ಮದ್ದಿನ ವಾಸನೆ ಇತ್ತಂತೆ. ಉದ್ದ 23ರಿಂದ 26 ಸೆಂಟಿಮೀಟರು. ಇನ್ನೂರು ವರ್ಷ ಕೆಸರಿನಲ್ಲಿ ಕೊಳೆತ, ಅಚ್ಚಿಲ್ಲದೆ ಕೈಯಲ್ಲಿ ಬಡಿದ ಸಾವಿರ ಕೊಳವೆಗಳು ಮೂರು ಸೆಂಟಿಮೀಟರಿನ ಒಳಗೇ ನಿಂತಿವೆ. ಅವನ್ನು ಶಿವಮೊಗ್ಗದ ಶಿವಪ್ಪ ನಾಯಕ ಅರಮನೆ ವಸ್ತುಸಂಗ್ರಹಾಲಯಕ್ಕೆ ತಂದಿಟ್ಟರು.

ಶ್ರೀರಂಗಪಟ್ಟಣದಲ್ಲಿ ಹಾಗೆ ಕೈಗೆ ಸಿಗುವ ಕೊಳವೆ ಇಲ್ಲ, ಮದ್ದಿನ ಮನೆಗಳಿವೆ. ಇಟ್ಟಿಗೆ, ಗಾರೆಯ ದಪ್ಪ ಗೋಡೆಯ, ಅರ್ಧ ನೆಲದೊಳಗೆ ಹುದುಗಿದ ತಣ್ಣನೆಯ ಕೋಣೆಗಳು. ಅವುಗಳಲ್ಲೊಂದು ಬೆಂಗಳೂರು–ಮೈಸೂರು ಜೋಡಿ ಹಳಿಯ ದಾರಿಗೆ ಅಡ್ಡ ನಿಂತು ಕೆಲಸ ವರ್ಷಗಟ್ಟಲೆ ತಡೆದಿತ್ತು. 2017ರಲ್ಲಿ ಸಾವಿರ ಟನ್ನಿನಷ್ಟು ತೂಕದ ಆ ಕಟ್ಟಡವನ್ನು ಜಾಕಿಗಳ ಮೇಲೆ ಎತ್ತಿ, ಒಡೆಯದೆ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದರು. ನಾನು ಆಮೇಲೆ ಹೋಗಿ ನೋಡಿದೆ. ಅಷ್ಟು ಜತನದಿಂದ ಉಳಿಸಿದ್ದಕ್ಕೆ ಎದೆ ತುಂಬಿ ಬಂತು. ಜೊತೆಗೆ ಒಂದು ಆಸೆಯೂ ಹುಟ್ಟಿತು. ಮದ್ದಿಟ್ಟ ಮನೆಗೆ ಸಿಕ್ಕ ಈ ಗೌರವದಲ್ಲಿ ಒಂದು ಪಾಲು ಕೊಳವೆ ಮಾಡಿದವನಿಗೂ ಸಿಗಬೇಕು. ನಗರದ ಒಂದೆರಡು ಕೊಳವೆಗಳನ್ನು ಇಲ್ಲಿ ತಂದಿಟ್ಟು, ಪಕ್ಕದಲ್ಲಿ ಅವುಗಳ ಉದ್ದ, ಅಗಲ, ಗೋಡೆಯ ದಪ್ಪ, ಬಾಯಿಯ ತೂತಿನ ಅಳತೆಯನ್ನು ಕನ್ನಡದ ಅಂಕಿಗಳಲ್ಲಿ ಬರೆದು ಹಾಕಲಿ. ಸುಲ್ತಾನರ ಹೆಸರು ಬೇಕಾದಷ್ಟು ಕಡೆ ಇದೆ. ಶ್ರೀರಂಗಪಟ್ಟಣದಲ್ಲಿ, ಬೆಂಗಳೂರಿನ ತಾರಾಮಂಡಲಪೇಟೆಯಲ್ಲಿ ಕುಲುಮೆ ಊದಿದವರ ಹೆಸರು ಒಂದೂ ಉಳಿದಿಲ್ಲ. ಅವರು ಬಿಟ್ಟುಹೋದದ್ದು ಅಳತೆ ಮಾತ್ರ, ಅದನ್ನಾದರೂ ಬರೆದಿಡಬೇಕು.

ನಾಗಮಂಗಲದ ಆಚಾರರಿಗೆ ನಗರದ ಕೊಳವೆಗಳ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದೆ. ಕನ್ನಡಕ ಹಾಕಿಕೊಂಡರು. ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ಉದ್ದಕ್ಕೂ ಸರಿಸುತ್ತ ಹೋಗಿ, ಕೊಳವೆ ಮುಗಿದು ಬಾಯಿ ಮುಚ್ಚುವ ತಟ್ಟೆ ಕೂತ ಕಡೆ ನಿಂತರು. ಬಹಳ ಹೊತ್ತು ನೋಡಿದರು.

"ಮೈ ಯಾರ್ ಬೇಕಾದ್ರೂ ಬಡೀತಾರೆ ಸ್ವಾಮಿ. ಇದುರ್ ಬಾಯಿ ಕಟ್ಟಿರೋನು ಕೆಲ್ಸ ಬಲ್ಲೋನು."

ಮೊಬೈಲು ನನ್ನ ಕೈಗಿಟ್ಟು, ಅವರು ಚೆಂಬನ್ನು ಎತ್ತಿಕೊಂಡರು. ಬಡಿದು ಬಡಿದು ಅದರ ಕಂಠ ಒಂದು ಕಡೆ ಮೇಲೆದ್ದಿತ್ತು. ಕೈವಾರದಿಂದ ಸುತ್ತಲೂ ಒಂದು ಗೆರೆ ಎಳೆದರು. ಕತ್ತರಿಯಿಂದ ಗೆರೆಯ ಮೇಲಿನದನ್ನು ಸಣ್ಣಗೆ ಕೊಯ್ದರು. ಅರದಿಂದ ಅಂಚನ್ನು ಒಳಗೆ ಒಂದು ಸುತ್ತು, ಹೊರಗೆ ಒಂದು ಸುತ್ತು ಉಜ್ಜಿದರು. ಹೆಬ್ಬೆರಳನ್ನು ಬಾಯಿಯ ಸುತ್ತ ಒಮ್ಮೆ ಆಡಿಸಿ, ಚೆಂಬನ್ನು ಅಡಿಗಲ್ಲಿನ ಮೇಲೆ ಬೋರಲು ಹಾಕಿ, ಅಂಚಿಗೂ ಕಲ್ಲಿಗೂ ನಡುವೆ ಬೆಳಕು ಕಾಣುತ್ತದೆಯೇ ಎಂದು ಬಗ್ಗಿ ನೋಡಿದರು.